ನೀರು ಕುಡಿದ ಹರಳು

ಲೋಟದ ನೀರಿಗೆ ಬಿದ್ದದ್ದು ಹರಳೇ ಎಂದು ಅವಳು ಮೊದಲು ತನಗೆ ತಾನೇ ಒಪ್ಪಿಕೊಂಡಳು. ಬೇರೆಯವರಿಗೆ ಹೇಳುವ ಧೈರ್ಯ ಇರಲಿಲ್ಲ. ಹೇಳಬೇಕಾದ ಯಜಮಾನರೋ ಎದುರಿಗೇ ಕೂತು, ಹದಿನೆಂಟನೇ ವಯಸ್ಸಿಗೆ ಈ ರತ್ನದಂಗಡಿ ತೆರೆದ ತಮ್ಮ ಸಾಹಸವನ್ನು ಏಳನೇ ಸಲ ವರ್ಣಿಸುತ್ತಿದ್ದರು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವುದು ಅವಳ ಜಾಯಮಾನವಲ್ಲ. ಮುಕ್ಕಾಲು ಗಂಟೆ ಅವಳು ತಲೆಯಾಡಿಸಿದಳು. ಮುಕ್ಕಾಲು ಗಂಟೆ ಹರಳು ನೀರು ಕುಡಿಯಿತು.

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಚೀಟಿ ಎಂದೇ. ಪದವಿ ಮುಗಿಸಿ ಬಂದವಳಿಗೆ ಸಿಕ್ಕ ಕೆಲಸ, ಮಾರಿದ ಪ್ರತಿ ಹರಳಿನ ಜೊತೆ ಅದರ ಗುಣವನ್ನೂ ಆರೈಕೆಯನ್ನೂ ಬರೆದ ಚೀಟಿ ಇಡುವುದು. 'ಮೂರು ತಿಂಗಳು ನೋಡೋಣ, ಆಮೇಲೆ ಕಾಯಂ' ಎಂದಿದ್ದರು ಯಜಮಾನರು. ಆ ಮೂರು ತಿಂಗಳು ಇವತ್ತು ಸಂಜೆಗೆ ಮುಗಿಯುತ್ತಿತ್ತು. ಬೆಳಕಿಗೆ ಹಿಡಿದಿದ್ದಾಗ ಚಿಮಟದಿಂದ ಜಾರಿ ಬಿದ್ದದ್ದೋ ನಿವೃತ್ತ ಟೀಚರಮ್ಮನೊಬ್ಬರು ಸ್ವಚ್ಛಮಾಡಲು ಬಿಟ್ಟುಹೋಗಿದ್ದ ಓಪಲ್: ಹಾಲುಬಿಳುಪಿನ ಮೈಯೊಳಗೆ ಹಸಿರು, ಕೆಂಪು, ನೀಲಿ ಕಿಡಿಗಳು ಓಡಾಡುವ ಅಪರೂಪದ ಹರಳು. ಬೆಳಗಿನಿಂದ ಅದನ್ನು ನೋಡಿ ನೋಡಿ ಅವಳಿಗೆ ದಣಿವಾಗಿರಲಿಲ್ಲ.

ಯಜಮಾನರು ಎದ್ದುಹೋದ ಮೇಲೆ ಹೊರತೆಗೆದು ನೋಡಿದಳು. ಕಿಡಿಯೂ ಇಲ್ಲ, ಹಾಲೂ ಇಲ್ಲ. ಒಡೆದ ಸೀಸೆಯ ಚೂರಿನ ಹಾಗೆ, ಹಿಡಿದ ಬೆರಳೇ ಆಚೆಯಿಂದ ಕಾಣುತ್ತಿತ್ತು.

ಇಂಥ ಓಪಲ್ಲಿನ ಮೈತುಂಬ ಕಣ್ಣಿಗೆ ಕಾಣದ ತೂತುಗಳು. ನೀರು ಹೀರಿದರೆ ಬಣ್ಣ ಮಾಯ. ಸುಮ್ಮನೆ ಒಣಗಲು ಬಿಟ್ಟರೆ ಎರಡು ಮೂರು ದಿನಕ್ಕೆ ತಾನಾಗಿ ವಾಪಸ್. ಇದು ಗೊತ್ತಿದ್ದವಳು ಅಂಗಡಿಯಲ್ಲಿ ಅವಳೊಬ್ಬಳೇ. ಆದರೆ ಟೀಚರಮ್ಮ ಬರುವುದು ನಾಲ್ಕು ಗಂಟೆಗೆ.

"ಏನೇ ಚೀಟಿ, ಬಣ್ಣ ಎಲ್ಲಿ ಕಳ್ಕೊಂಡೆ?" ಕೌಂಟರಿನ ಅಕ್ಕ ಕತ್ತು ಚಾಚಿದಳು.

"ಅಕ್ಕ, ನೀರಿಗೆ..."

"ನೀರೂ ಇಲ್ಲ ಗೀರೂ ಇಲ್ಲ. ಸುಳ್ಳು ಹೇಳೋರ ಕೈಗೆ ಹೋದ್ರೆ ಓಪಲ್ ಬಣ್ಣ ಬಿಡುತ್ತಂತೆ. ನಮ್ಮಜ್ಜಿ ಹೇಳ್ತಿದ್ರು." ಹೀಗೆಂದವಳು, ತಾನು ಮಾತ್ರ ಅದನ್ನು ಮುಟ್ಟದೆ ಎರಡು ಹೆಜ್ಜೆ ಹಿಂದೆ ಸರಿದಳು.

ಕೇಳಿಸಿಕೊಂಡವಳಿಗೆ ಸಿಟ್ಟು ಹಾಲಿನಂತೆ ಉಕ್ಕಿ ಪಾತ್ರೆಯ ಅಂಚಿಗೆ ಬಂತು. ಎಂದಿನಂತೆ ಅವಳೇ ಒಲೆ ಆರಿಸಿದಳು.

ಅಷ್ಟರಲ್ಲಿ ಹರಳುಗಳಿಗೆ ಸಾಣೆ ಹಿಡಿಯುವ ಸಾಣೆಯಣ್ಣ ಕೈಯಲ್ಲೊಂದು ಸೀಸೆ ಹಿಡಿದು ಬಂದ. "ಕೊಡಮ್ಮ ಇಲ್ಲಿ. ಎರಡು ಹನಿ ಹರಳೆಣ್ಣೆ ಹಚ್ಚಿದ್ರೆ ಫಳಫಳ ಅನ್ನುತ್ತೆ."

"ಅಣ್ಣ, ಇದಕ್ಕೆ ಎಣ್ಣೆ ಸೋಕಬಾರದು."

"ನೀನು ಓದಿದ್ದು ದಂಡ. ತಲೆಗೆ ತಲೆಯೆಣ್ಣೆ, ಹರಳಿಗೆ ಹರಳೆಣ್ಣೆ. ಹೆಸರಲ್ಲೇ ಇದ್ಯಲ್ಲ."

ಆ ಹರಳು ಗಿಡದ ಬೀಜ, ಈ ಹರಳು ಕಲ್ಲು ಎಂದು ಬಿಡಿಸಿ ಹೇಳುವಷ್ಟರಲ್ಲಿ ಸೀಸೆಯ ಬಿರಡೆ ಬಿಚ್ಚಿಕೊಂಡಿತ್ತು. ಎಣ್ಣೆ ಕುಡಿದರೆ ಹರಳು ಹಳದಿ ತಿರುಗಿ ಕೆಟ್ಟೇಹೋಗುತ್ತದೆ. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು.

"ಬಾರೇ ಹೊರಗೆ, ಕೂದಲು ಒಣಗಿಸೋ ಮಿಷನ್ ತಂದಿದ್ದೀನಿ, ಬಿಸಿ ಗಾಳಿ ಬಿಡ್ತೀನಿ," ಎಂದು ಅಕ್ಕ ಬಾಗಿಲು ಬಡಿದಳು. ಬಿಸಿ ತಾಗಿದರೆ ಓಪಲ್ ಬಿರಿಯುತ್ತದೆ.

"ಹೊಟ್ಟೆ ಸರಿಯಿಲ್ಲ ಅಕ್ಕ."

"ಹಂಗಾದ್ರೆ ಹರಳೆಣ್ಣೆ ನಿನಗೇ ಬೇಕು," ಎಂದಿತು ಸಾಣೆಯಣ್ಣನ ದನಿ.

ಒಳಗೆ, ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತು ಅವಳು ಹಲ್ಲು ಕಡಿದಳು. ಅಕ್ಕನ ಮೇಲೆ ಸಿಟ್ಟು, ಅಣ್ಣನ ಮೇಲೆ ಸಿಟ್ಟು, ಯಜಮಾನರ ಹದಿನೆಂಟನೇ ವಯಸ್ಸಿನ ಮೇಲೂ ಸಿಟ್ಟು. ಎಲ್ಲಕ್ಕಿಂತ ಹೆಚ್ಚು, ಬೇಕಾದಾಗ ಅಂಗುಳಿಗೆ ಅಂಟಿಕೊಳ್ಳುವ ತನ್ನದೇ ನಾಲಿಗೆಯ ಮೇಲೆ.

ನಾಲ್ಕಕ್ಕೆ ಸರಿಯಾಗಿ ಯಜಮಾನರ ಕೂಗು ಕೇಳಿತು. ಹೊರಬಂದು, ಆಗಲೇ ಬಂದು ಕೂತಿದ್ದ ಟೀಚರಮ್ಮನ ಮುಂದೆ ಮೇಜಿನ ಮೇಲೆ ಹರಳಿಟ್ಟಳು. ಅದನ್ನು ಕಂಡು ಯಜಮಾನರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. "ಏನಿದು? ಯಾರು ನಿನಗೆ..."

"ಅಬ್ಬ, ಕೊನೆಗೂ ಹೋಯ್ತಲ್ಲಪ್ಪ," ಎಂದರು ಟೀಚರಮ್ಮ ಕನ್ನಡಕ ಏರಿಸುತ್ತ. "ನಲವತ್ತು ವರ್ಷ ಸೋಪು ಹಚ್ಚಿದ ಬಟ್ಟೇಲಿ ಒರೆಸಿ ಒರೆಸಿ ಸಾಕಾಗಿತ್ತು. ಚರಂಡಿ ನೀರಿಗೆ ಸೀಮೆಎಣ್ಣೆ ಚೆಲ್ಲಿದ ಹಾಗೆ ಒಳಗೆಲ್ಲ ಬಣ್ಣಬಣ್ಣದ ಕೊಳೆ. ಈಗ ನೋಡಿ, ಸ್ಫಟಿಕ."

ಯಜಮಾನರು ಅದೇ ಉಸಿರಿನಲ್ಲಿ ದಾರಿ ಬದಲಿಸಿದರು. "ಯಾರು ನಿನಗೆ ಇಷ್ಟು ಚೆನ್ನಾಗಿ ಕಲಿಸಿದ್ದು ಅಂತ ಕೇಳ್ತಿದ್ದೆ ಅಮ್ಮ. ನಮ್ಮ ಅಂಗಡಿ ಗುಟ್ಟು ಅದು. ಈ ಹುಡುಗಿ ಇವತ್ತಿಂದ ಕಾಯಂ."

"ನಾನೇ ಪಕ್ಕದಲ್ಲಿ ನಿಂತು ಹೇಳ್ಕೊಟ್ಟೆ," ಎಂದಳು ಅಕ್ಕ. ಸಾಣೆಯಣ್ಣ ಸೀಸೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದ.

"ಆ ಕೊಳೆ ಮತ್ತೆ ಬರಲ್ಲ ತಾನೆ?" ಎಂದು ಟೀಚರಮ್ಮ ಯಜಮಾನರನ್ನು ಕೇಳಿದರು.

"ಈ ಜನ್ಮದಲ್ಲಿ ಬರಲ್ಲ. ಬಂದರೆ ಇವಳಿಗೂ ಕೆಲಸ ಇಲ್ಲ, ನನಗೂ ಅಂಗಡಿ ಇಲ್ಲ."

ಟೀಚರಮ್ಮ ಕೈಚೀಲದಿಂದ ಅದೇ ಕಲ್ಲಿನ ಒಂದು ಜೊತೆ ಓಲೆ ತೆಗೆದು ಅವಳ ಅಂಗೈಗೆ ಹಾಕಿದರು. ಎರಡೂ ಕಿಡಿ ಕಾರುತ್ತಿದ್ದವು. "ಈ ಕೊಳೆಯನ್ನೂ ಹಾಗೇ ತೆಗೆದುಬಿಡಮ್ಮ."

ಈ ಸಲ ಒಲೆ ಆರಿಸಲು ಅವಳ ಕೈ ಹೋಗಲಿಲ್ಲ.

"ಅದು ಕೊಳೆ ಅಲ್ಲ ಟೀಚರ್, ಆ ಹರಳಿನ ಜೀವ ಅದು," ಎಂದಳು. ಇಡೀ ಅಂಗಡಿಗೆ ಕೇಳಿಸಿತು. "ನಾನು ಕೈಜಾರಿ ನೀರಿಗೆ ಬೀಳಿಸಿದ್ದಕ್ಕೆ ಹೋಗಿದೆ ಅಷ್ಟೆ. ನಾಡಿದ್ದು ಪೂರ್ತಿ ವಾಪಸ್ ಬರುತ್ತೆ."