ಚಕ್ಕೋತಕ್ಕೆ ಒಂದು ಸೈಟೇಶನ್ ಕಡಿಮೆ

ನಗು ಬಾರದು ಎಂದುಕೊಂಡ ಮನೆಗಳಲ್ಲೇ ನಗುವ ಸಂಗತಿಗಳು ಒಂದರ ಹಿಂದೊಂದು ಬರುತ್ತವೆ. ನಮ್ಮಲ್ಲಿ ಅದು ಶುರುವಾದದ್ದು ಒಂದು ಮಂಗಳವಾರ ಬೆಳಿಗ್ಗೆ, ನಾನು ಹುರುಳಿಕಾಯಿ ಹೆಚ್ಚುತ್ತಿದ್ದಾಗ.

೧. ಓದಿರಬೇಕು ಅಂತೇನಿಲ್ಲ

ನನ್ನ ಹೆಂಡತಿ ತೀರಿಕೊಂಡು ಆಗ ಎಂಟು ತಿಂಗಳು. ಅವಳು ದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ನಾನು ದೊಡ್ಡಬಳ್ಳಾಪುರದಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ಗ್ಯಾಸ್ ಬುಕ್ ಮಾಡಲು ಅವಳ ನಂಬರೇ ಬೇಕಾದ್ದರಿಂದ ಅವಳ ಫೋನನ್ನು ಚಾರ್ಜ್ ಮಾಡಿಡುತ್ತಿದ್ದೆ. ಅವತ್ತು ಅದು ಟಿಣ್ ಎಂದಿತು. ಅವಳ ಸಂಶೋಧನಾ ಪೇಪರನ್ನು ಯಾರೋ ಸೈಟ್ ಮಾಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಒಂದು ಮೇಲ್.

ಅವಳ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಫೋನ್ ಮಾಡಿದೆ.

"ಒಳ್ಳೆ ಸುದ್ದಿ ಸರ್. ಬ್ರೆಜಿಲ್‌ನೋರು ಯಾರೋ ತಮ್ಮ ಪೇಪರಲ್ಲಿ ಮೇಡಂ ಹೆಸರು ಹಾಕಿದ್ದಾರೆ."

"ಅಂದ್ರೆ ಇವಳು ಬರೆದದ್ದನ್ನ ಓದಿದ್ದಾರೆ."

"ಓದಿರಬೇಕು ಅಂತೇನಿಲ್ಲ ಸರ್. ಹಾಕಿದ್ದಾರೆ."

ಸಂಶೋಧಕರನ್ನು ಅಳೆಯುವ ಎಚ್-ಇಂಡೆಕ್ಸ್ ಎಂಬುದನ್ನೂ ಅವರೇ ವಿವರಿಸಿದರು. ನಾಲ್ಕು ಪೇಪರಿಗೆ ತಲಾ ನಾಲ್ಕಾದರೂ ಸೈಟೇಶನ್, ಅಂದರೆ ಹೀಗೆ ಬೇರೆಯವರು ಹೆಸರು ಹಾಕಿದ್ದು, ಇದ್ದರೆ ನಾಲ್ಕು. ಐದು ಪೇಪರಿಗೆ ತಲಾ ಐದಾದರೂ ಇದ್ದರೆ ಐದು. ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿಗೆ ಇವಳ ಲೆಕ್ಕ ಬರೆದೆ. ಹೆಚ್ಚು ಸೈಟೇಶನ್ ಇದ್ದ ಐದು ಪೇಪರಿಗೆ ಹನ್ನೊಂದು, ಎಂಟು, ಆರು, ಐದು, ನಾಲ್ಕು. ಕೊನೆಯ ಆ ನಾಲ್ಕು, ದೇವನಹಳ್ಳಿಯ ಹಿತ್ತಿಲುಗಳಲ್ಲಿರುವ ಚಕ್ಕೋತ ಮರಗಳ ಮೇಲಿನ ಪೇಪರಿನದು, ಅವತ್ತು ಬಂದದ್ದೂ ಸೇರಿ. ಅದಕ್ಕೆ ಇನ್ನು ಒಂದೇ ಒಂದು ಬಂದರೆ ಇವಳ ಎಚ್-ಇಂಡೆಕ್ಸ್ ಐದಾಗುತ್ತಿತ್ತು.

"ರಿಟೈರ್ ಆಗೋದ್ರೊಳಗೆ ಐದಾದ್ರೆ ಸಾಕು ಕಣ್ರೀ" ಎಂದು ಇವಳು ಆಗಾಗ ಹೇಳುತ್ತಿದ್ದಳು. ಏನು ಐದು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಈಗ ಆ ಒಂದು ನನಗೆ ಬೇಕೇ ಬೇಕು ಅನ್ನಿಸಿತು. ಅಷ್ಟರಲ್ಲಿ ಒಲೆಯ ಮೇಲಿಟ್ಟಿದ್ದ ಹುರುಳಿಕಾಯಿ ಪಲ್ಯ ಸೀದುಹೋಗಿತ್ತು.

೨. ಮುಯ್ಯಾಳು

ತೂಬಗೆರೆಗೆ ಹೋದಾಗ ಅತ್ತೆಗೆ ವಿಷಯ ಹೇಳಿದೆ. ಅವರು ಅವರೆಕಾಯಿ ಸುಲಿಯುತ್ತಲೇ ಕೇಳಿಸಿಕೊಂಡರು.

"ಇದೇನ್ ಹೊಸದಾ ಅಳಿಯಂದ್ರೇ? ಮುಯ್ಯಾಳು. ಇವತ್ತು ಅವರು ನಮ್ಮ ಹೊಲಕ್ಕೆ ಬಂದು ಕಳೆ ಕಿತ್ರೆ, ನಾಳೆ ನಾವು ಅವರ ಹೊಲಕ್ಕೆ ಹೋಗ್ತೀವಿ. ನನ್ನ ಮಗಳು ಎಷ್ಟು ಜನರ ಹೊಲಕ್ಕೆ ಹೋಗವ್ಳೆ?"

ಲೆಕ್ಕ ನನ್ನ ಬಳಿ ಇತ್ತು. "ಒಂಬತ್ತು ಪೇಪರಲ್ಲಿ ಇನ್ನೂರ ಹದಿನಾಲ್ಕು ಜನರ ಹೆಸರು ಹಾಕಿದ್ದಾಳೆ."

"ವಾಪಸ್ ಬಂದೋರು?"

"ಮೂವತ್ತೇಳು."

ಅತ್ತೆ ಮೊರ ಪಕ್ಕಕ್ಕಿಟ್ಟರು. "ಥೂ! ಇಂಥ ಊರಲ್ಲಿ ಬೇಸಾಯ ಮಾಡೋದಾ!"

೩. ಅತಿ ಹೆಚ್ಚು ಪ್ರಭಾವ ಬೀರಿದ ಶಿಕ್ಷಕ

ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟದ್ದು ನನ್ನ ತಪ್ಪು. "ಕಾಲೇಜಿನೋರಿಗೆ ಇರೋ ಅಳತೆ ನಮಗ್ಯಾಕಿಲ್ಲ ಮೇಷ್ಟ್ರೇ?" ಎಂದರು ಹೆಡ್‌ಮಾಸ್ಟರು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಯಾವ ಶಿಕ್ಷಕರ ಉಲ್ಲೇಖ ಎಷ್ಟು ಸಲ ಬಂದಿದೆ ಎಂದು ಎಣಿಸಬೇಕು, ಎಣಿಸುವವನು ನಾನು.

ಮೊದಲ ಸ್ಥಾನ ಪಾಠವನ್ನೇ ಮಾಡದ ಪಿ.ಟಿ. ಮೇಷ್ಟ್ರಿಗೆ. ಒಂದು ಇಡೀ ಸೆಕ್ಷನ್ ಖಾಲಿ ಪುಟದ ಮೇಲೆ, "ಪಿ.ಟಿ. ಸರ್ ಕಬಡ್ಡಿಗೆ ಕರೆದುಕೊಂಡು ಹೋಗಿದ್ದರಿಂದ ಈ ಪಾಠ ಕೇಳಲಿಲ್ಲ" ಎಂದು ಬರೆದಿತ್ತು.

"ದೂರನ್ನೂ ಲೆಕ್ಕಕ್ಕೆ ಹಿಡೀಬೇಕಾ?" ಎಂದರು ಹೆಡ್‌ಮಾಸ್ಟರು, ಅನುಮಾನದಿಂದ.

ಪ್ರಾಣಿಶಾಸ್ತ್ರದ ಮೇಷ್ಟ್ರನ್ನು ಕೇಳಿದೆ. "ಹಿಡೀಬೇಕು ಸರ್. ಹೊಗಳಿದ್ರೂ ಒಂದು, ಬೈದ್ರೂ ಒಂದು. ನಮ್ಮಲ್ಲೂ ಹಂಗೇ."

ನನಗೂ ಒಂದು ಸಿಕ್ಕಿತ್ತು. ತ್ರಿಕೋನಮಿತಿಯ ಐದು ಅಂಕದ ಪ್ರಶ್ನೆಯ ಕೆಳಗೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ದುಂಡಗೆ ಬರೆದಿದ್ದಳು: "ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಗಣಿತದ ಸರ್ ಹೇಳಿದ್ದರು."

೪. ಕಪ್ಪೆ ಕೂತಿತ್ತಾ?

ವರ್ಷವಾದರೂ ಆ ಒಂದು ಬರಲಿಲ್ಲ. ನಾನು ಫೋನ್ ಮಾಡಿ ಮಾಡಿ ಸಾಕಾಗಿ ಪ್ರಾಣಿಶಾಸ್ತ್ರದ ಮೇಷ್ಟ್ರೇ ದಾರಿ ತೋರಿಸಿದರು.

"ಜಡಿಗೇನಹಳ್ಳಿ ಕಡೆ ಕೆರೆಗಳ ಕಪ್ಪೆ ಮೇಲೆ ಬರೀತಿದ್ದೀನಿ ಸರ್. ಅದರಲ್ಲೇ ಮೇಡಂ ಚಕ್ಕೋತ ಪೇಪರು ಸೇರಿಸಿಬಿಡ್ತೀನಿ."

"ಕಪ್ಪೆಗೂ ಚಕ್ಕೋತಕ್ಕೂ ಏನು ಸಂಬಂಧ?"

"ಚಕ್ಕೋತ ಮರದ ಬುಡದಲ್ಲಿ ಒಂದು ಕಪ್ಪೆ ಕೂತಿತ್ತು ಅಂತ ಬರೆದ್ರಾಯ್ತು."

"ಕೂತಿತ್ತಾ?"

"ಕೂರಿಸೋಣ ಸರ್."

ನನಗೆ ಆಸೆಯಾಯಿತು, ಅದು ನಿಜ. ಆದರೆ ಹಿಂದೊಮ್ಮೆ ಯಾರೋ ತಾನು ಹೇಳದ ಮಾತಿಗೆ ತನ್ನ ಹೆಸರು ಹಾಕಿದ್ದಾರೆಂದು ಇವಳೇ ಪತ್ರ ಬರೆದು ಒಂದು ಸೈಟೇಶನ್ ತೆಗೆಸಿಹಾಕಿದ್ದಳು. ಬೇಡ ಎಂದೆ. ಅವರು ನಿಟ್ಟುಸಿರುಬಿಟ್ಟು, "ನಿಮ್ಮ ಮನೇಲಿ ಇಬ್ಬರೂ ಹಿಂಗೇ ಏನ್ ಸರ್?" ಎಂದರು.

೫. ಒಂದು ಮರ ಹೆಚ್ಚು

ಕಳೆದ ಬೇಸಿಗೆಯಲ್ಲಿ ಹೊಸಕೋಟೆ ಕಡೆಯ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಮನೆಗೆ ಬಂದಳು. ನನ್ನ ಹೆಂಡತಿ ಎಣಿಸಿದ್ದ ಚಕ್ಕೋತ ಮರಗಳನ್ನು ಮತ್ತೆ ಎಣಿಸುತ್ತಿದ್ದಳಂತೆ. ಕಾಫಿ ಮುಟ್ಟದೆ ತಲೆ ತಗ್ಗಿಸಿ ಕೂತಿದ್ದಳು.

"ಸರ್, ಬೇಜಾರು ಮಾಡ್ಕೋಬೇಡಿ. ಮೇಡಂ ನಲವತ್ತೊಂದು ಅಂತ ಬರೆದಿದ್ದಾರೆ. ನನಗೆ ಸಿಗೋದು ನಲವತ್ತೇ."

"ಒಂದನ್ನ ಕಡಿದಿರಬೇಕಮ್ಮ."

"ಕಡಿದಿಲ್ಲ ಸರ್. ಒಂದನ್ನ ಎರಡು ಸಲ ಎಣಿಸಿದ್ದಾರೆ."

ಇವಳು? ನಂಬಲಿಲ್ಲ. ಮರುದಿನ ಆ ವಿದ್ಯಾರ್ಥಿನಿಯ ಜೊತೆ ದೇವನಹಳ್ಳಿಗೆ ಹೋದೆ. ಮುಂದಿನ ಬೀದಿಯ ಮನೆಯಲ್ಲಿ ಒಬ್ಬ ಹಿರಿಯರು ಹಿತ್ತಿಲಿನ ಗೋಡೆಗೆ ಅಂಟಿಕೊಂಡಿದ್ದ ಮರ ತೋರಿಸಿದರು. "ನಮ್ಮದೇ. ಮೇಡಮ್ಮೋರು ಅಳತೆ ತಗೊಂಡು ಹೋಗವ್ರೆ." ಸುತ್ತಿಕೊಂಡು ಹಿಂದಿನ ಬೀದಿಗೆ ಹೋದೆವು. ಅಲ್ಲಿ ಅವರ ತಮ್ಮ ಹಿತ್ತಿಲಿನ ಗೋಡೆಗೆ ಅಂಟಿಕೊಂಡಿದ್ದ ಮರ ತೋರಿಸಿದರು. "ನಮ್ಮದೇ. ಮೇಡಮ್ಮೋರು ಅಳತೆ ತಗೊಂಡು ಹೋಗವ್ರೆ."

ಮನೆ ಪಾಲಾದಾಗ ಮರವೊಂದನ್ನು ಪಾಲು ಮಾಡಲಾಗದೆ, ಕಾಂಡವನ್ನು ನಡುವೆ ಬಿಟ್ಟು ಅದರ ಎರಡೂ ಪಕ್ಕಕ್ಕೆ ಗೋಡೆ ಎಬ್ಬಿಸಿದ್ದರು. ಇವಳು ಒಂದು ದಿನ ಅಣ್ಣನ ಮನೆಗೆ, ಇನ್ನೊಂದು ದಿನ ತಮ್ಮನ ಮನೆಗೆ ಹೋಗಿದ್ದಳು. ಇಬ್ಬರೂ ಇನ್ನೊಬ್ಬರ ಸುದ್ದಿ ಎತ್ತಿರಲಿಲ್ಲ. ಮಾತು ಬಿಟ್ಟು ಇಪ್ಪತ್ತು ವರ್ಷ. ತಮ್ಮನ ಕಡೆ ನೆಲ ತಗ್ಗು, ಆದ್ದರಿಂದ ಅಳತೆ ಬುಡಕ್ಕೆ ಹತ್ತಿರ ಬಿದ್ದು ಕಾಂಡದ ದಪ್ಪ ಎರಡು ಇಂಚು ಹೆಚ್ಚು ಬಂದಿತ್ತು.

ವಿಷಯ ಹೇಳಿದ್ದೇ ತಡ, ಗೋಡೆಯ ಆಚೆ ಕೇಳಿಸಿಕೊಳ್ಳುತ್ತಿದ್ದ ಅಣ್ಣ ಕೂಗಿದರು: "ಲೇ, ಮರ ಒಂದೇ ಅಂತೆ ಕಣ್ಲಾ! ನಂದು!"

ಇಪ್ಪತ್ತು ವರ್ಷದ ಮೇಲೆ ತಮ್ಮ ಮೊದಲ ಸಲ ಉತ್ತರ ಕೊಟ್ಟರು: "ನಿಂದು ಹೆಂಗಣ್ಣಾ? ನಿನ್ನ ಮರಕ್ಕಿಂತ ನನ್ನದು ಎರಡು ಇಂಚು ದಪ್ಪ ಅಂತ ಮೇಡಮ್ಮೋರೇ ಬರ್ದವ್ರೆ!"

ಅಲ್ಲೇ ಗೋಡೆಗೆ ಒರಗಿ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ವಿದ್ಯಾರ್ಥಿನಿ ಗಾಬರಿಯಾದಳು.

"ಸರ್, ಬೇಡ ಅಂದ್ರೆ ಮೇಡಂ ತಪ್ಪಿನ ವಿಷಯ ಬಿಟ್ಟುಬಿಡ್ತೀನಿ. ಹೆಸರೇ ಹಾಕಲ್ಲ."

"ಹಾಕಮ್ಮಾ!" ಎಂದೆ. "ತಪ್ಪು ಅಂತಲೇ ಬರಿ. ಹೆಸರು ಮಾತ್ರ ಬಿಡಬೇಡ!"

ಪೇಪರು ಹೋದ ವಾರ ಪ್ರಕಟವಾಯಿತು. ಇವಳ ಎಚ್-ಇಂಡೆಕ್ಸ್ ಈಗ ಐದು.