ಅಳಿಯ ಹಸನು ಮಾಡಿದ ಕೋಳಿ

ನಾನು ಕೋಳಿ ಮುಟ್ಟಿದಾಗಲೆಲ್ಲ ಒಂದಲ್ಲ ಒಂದು ಮಾನಗೇಡು ಆಗಿಯೇ ಆಗುತ್ತದೆ. ತಿನ್ನುವಾಗ ಅಲ್ಲ, ಹಸನು ಮಾಡುವಾಗ. ನಾಗಮಂಗಲದಲ್ಲಿ ಹುಟ್ಟಿ, ಹಾಸ್ಟೆಲಿನಲ್ಲಿ ಬೆಳೆದು, ತೊಂಬತ್ತರ ದಶಕದ ಶುರುವಿನಲ್ಲಿ ಪಾಂಡವಪುರದ ಹೈಸ್ಕೂಲೊಂದಕ್ಕೆ ವಿಜ್ಞಾನದ ಮೇಷ್ಟ್ರಾಗಿ ಸೇರಿದವನು ನಾನು. ಕೋಳಿಯ ಹೊಟ್ಟೆಯೊಳಗೆ ಏನೇನಿದೆ ಎಂದು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದೆ. ನಿಜವಾದ ಕೋಳಿಯ ಹೊಟ್ಟೆಗೆ ಕೈ ಹಾಕಿದ್ದೇ ಇಲ್ಲ.

ಹಾಕುವ ಕಾಲ ಬಂದದ್ದು ಮದುವೆಯಾದ ಮೇಲೆ. ಹೆಂಡತಿಯ ಊರು ಅಕ್ಕಿಹೆಬ್ಬಾಳು. ಅವರ ಮನೆಯಲ್ಲಿ ಕೋಳಿ ಹಸನು ಮಾಡುವುದು ಗಂಡಸರ ಕೆಲಸ. ಮಾವ ಮೊದಲೇ ಹೇಳಿಬಿಟ್ಟಿದ್ದರು: “ಅಳಿಯ ಅಂದ್ರೆ ನೆಂಟ ಕಣಪ್ಪ. ನಮ್ಮ ಇತ್ಲಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕೋಳಿ ಅಸನು ಮಾಡುದ್ಮೇಲೇನೆ ಮನೆಯೋನು.” ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಆ ಕೋಳಿ ನನ್ನ ಕೈಗೆ ಬರುವುದಿತ್ತು. ನನಗೋ ಮನೆಯವನಾಗುವ ಆಸೆ. ಅಷ್ಟರೊಳಗೆ ಕಲಿಯಬೇಕಿತ್ತು.

ಬಿಸಿನೀರು

ನಮ್ಮ ಬಾಡಿಗೆ ಮನೆ ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿನ ಅಂಗಡಿ ಸಾಬರು ನಾಟಿಕೋಳಿ ಕುಯ್ದು, ಪುಕ್ಕದ ಸಮೇತ ಕೊಟ್ಟು, “ಸಾರ್, ನೀರು ಜ್ಯಾದಾ ಗರಂ ಬೇಡ. ಒಂದ್ಸಲ ಮುಳುಗ್ಸಿ, ಎತ್ಬಿಡಿ” ಅಂದರು. ವಿಜ್ಞಾನದ ಮೇಷ್ಟ್ರಿಗೆ ನೀರಿನ ಪಾಠವೇ? ಕೊತಕೊತ ಕುದಿಯುವ ಹಂಡೆಯಲ್ಲಿ ಕೋಳಿ ಮುಳುಗಿಸಿಟ್ಟು, ಪೇಪರು ಓದಿ ಬಂದೆ. ಎಳೆದರೆ ಪುಕ್ಕದ ಜೊತೆ ಚರ್ಮವೂ ಕೈಗೆ ಬಂತು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಸ್ವೆಟರ್ ಬಿಚ್ಚಿ ಅಂದ್ರೆ ಅಂಗಿನೂ ಬಿಚ್ಚಿದ್ದೀರಲ್ಲ” ಅಂದಳು.

ಹಾಜರಿ

ಬಿಸಿನೀರಿಗೆ ಹೆದರಿ ಮುಂದಿನ ಭಾನುವಾರ ನೀರು ಸೋಕಿಸದೆಯೇ ಪುಕ್ಕ ಕಿತ್ತೆ. ಪುಕ್ಕ ಬಿಸಾಡುವುದೆಲ್ಲಿ? ಮನೆ ಮಾಲೀಕರು ಮಾಂಸ ಮುಟ್ಟದವರು, ಗೊತ್ತಾದರೆ ಮನೆ ಖಾಲಿ ಮಾಡಿಸುತ್ತಿದ್ದರು. ಪೇಪರಿನಲ್ಲಿ ಸುತ್ತಿ ನನ್ನ ಬ್ಯಾಗಿಗೆ ತುರುಕಿದೆ. ಬೆಳಿಗ್ಗೆ ಸ್ಕೂಲಿಗೆ ಹೋಗುವ ದಾರಿಯಲ್ಲಿ ಎಸೆಯುವುದೆಂದು ಲೆಕ್ಕ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಮರೆತೇಬಿಟ್ಟೆ. ಸ್ಟಾಫ್ ರೂಮಿನಲ್ಲಿ ಪುಸ್ತಕವೆಂದು ಪೊಟ್ಟಣ ಎಳೆದೆ. ಪೇಪರು ಬಿಚ್ಚಿಕೊಂಡಿತು. ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು.

ಒಂದು ಕೆಂಪು ಪುಕ್ಕ ಹೆಡ್ಮಾಸ್ಟರ ಹಾಜರಿ ಪುಸ್ತಕದ ಮೇಲೆ ಕೂತಿತು. ಅವರು ಸೋಮವಾರ ಒಪ್ಪೊತ್ತು ಮಾಡುವವರು. ಎರಡು ಬೆರಳಲ್ಲಿ ಅದನ್ನು ಎತ್ತಿ ಹಿಡಿದು, “ಮೇಷ್ಟ್ರೇ, ಇದುಕ್ಕೂ ಹಾಜ್ರಿ ಹಾಕ್ಲಾ?” ಅಂದರು. ನಾನು ಮೇಜಿನ ಕೆಳಗೆ ಬಗ್ಗಿ ಪುಕ್ಕ ಆಯುತ್ತಲೇ ಬೆಲ್ಲು ಹೊಡೆಯುವವರೆಗೆ ಅಲ್ಲೇ ಇದ್ದೆ.

ಹೊಸತೊಡಕು

ಆ ದಿನ ಬಂತು. ಮಾವ ಹಿತ್ತಲಲ್ಲಿ ಮಣೆ, ಕತ್ತಿ, ಕೋಳಿ ಇಟ್ಟು ಪಕ್ಕದಲ್ಲೇ ಬೀಡಿ ಹಚ್ಚಿ ಕೂತರು. ಪುಕ್ಕ ಸರಿಯಾಗಿ ಬಂತು. ತೆಂಗಿನಗರಿ ಉರಿಯಲ್ಲಿ ಸುಟ್ಟೆ, ಅರಿಶಿನ ಹಚ್ಚಿ ತೊಳೆದೆ. ಮಾವ ತಲೆಯಾಡಿಸಿದರು. ನಾನು ಉಬ್ಬಿಹೋದೆ. ಉಬ್ಬಿದ ಕೈಯಲ್ಲೇ ಹೊಟ್ಟೆ ಸೀಳಿದೆ. ಯಕೃತ್ತಿಗೆ, ಅಂದರೆ ಈರಲಿಗೆ, ಅಂಟಿಕೊಂಡಿರುವ ಪಿತ್ತದ ಚೀಲ, ಬೋರ್ಡಿನ ಮೇಲೆ ಪ್ರತಿ ವರ್ಷ ಹಸಿರು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆನಲ್ಲ, ಅದೇ, ಬೆರಳ ಸಂದಿಯಲ್ಲಿ ಪುಸಕ್ಕನೆ ಒಡೆಯಿತು.

ಮಾವ ಆಗ ಬೀಡಿ ಬೂದಿ ಕೊಡವುತ್ತಿದ್ದರು. ನೋಡಲಿಲ್ಲ ಅಂದುಕೊಂಡೆ. ಹೇಳಿಬಿಡಬೇಕಿತ್ತು. ನಾನು ಕಳ್ಳನಂತೆ ಮೂರು ಚೊಂಬು ನೀರು ಸುರಿದು, ತೊಳೆದು, ಒಳಗೆ ಕೊಟ್ಟೆ.

ಒಂಬತ್ತು ಜನ ಊಟಕ್ಕೆ ಕೂತೆವು. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟೆವು. ವಿಷದಂಥ ಕಹಿ. ಯಾರೂ ಉಗುಳಲಿಲ್ಲ. ಅತ್ತೆ ಸೆರಗಲ್ಲಿ ಮುಖ ಒರೆಸಿ, “ನಂದೇ ತಪ್ಪು, ಮೆಂತ್ಯ ಜಾಸ್ತಿ ಬಿದ್ಬುಡ್ತು” ಅಂದರು. ಕೋಳಿ ಸಾರಿಗೆ ಮೆಂತ್ಯ ಯಾರು ಹಾಕುತ್ತಾರೆ? ಭಾವಮೈದ, “ಇಲ್ಲ ಕಣವ್ವ, ಆ ಕೋಳಿ ದಿನಾ ಬೇವಿನ ಮರದ ಮೇಲೆ ಮನಿಕತಿತ್ತು” ಅಂದ. ಎಲ್ಲರೂ ಹೌದು ಹೌದು ಅಂದರು. “ಈಲಿ ಅಳಿಯಂದ್ರಿಗೆ” ಅಂತ ಮಾವ ಈರಲಿನ ತುಂಡನ್ನು ನನ್ನ ತಟ್ಟೆಗೇ ಹಾಕಿದರು. ತಿಂದೆ.

ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದೆ. ಅಲ್ಲಿದ್ದದ್ದು ಒಂದೇ ಮರ, ಅದೂ ಸೀಬೆಮರ. ಅತ್ತೆ ಮೈಮೇಲೆ ಹಾಕಿಕೊಂಡ ತಪ್ಪು ನೆನಪಾಗಿ ನಿಲ್ಲಲಾಗಲಿಲ್ಲ. ಗದ್ದೆ ಕಡೆಯಿಂದ ಮಾವ ಬೇವಿನ ಕಡ್ಡಿ ಅಗಿಯುತ್ತ ಬಂದರು.

“ಮಾವ, ಪಿತ್ತ ಒಡೆದವನು ನಾನೇ” ಅಂದೆ. “ನಾನಿನ್ನೂ ನೆಂಟನೇ ಬಿಡಿ.”

“ಒಡದಾಗ್ಲೇ ನೋಡ್ದೆ ಕಣಪ್ಪ” ಅಂದರು. “ನೆಂಟ ಮಾಡಿದ್ರೆ ಸಾರು ಚೆಲ್ಬುಟ್ಟು ಬೇರೆ ಕೋಳಿ ಕುಯ್ತಿದ್ವಿ. ಮನೆಯೋನು ಮಾಡ್ದ ಅಂತ ಉಂಡ್ವಿ.”

ಆಮೇಲೆ ಕಡ್ಡಿಯನ್ನು ಬಾಯಿಂದ ತೆಗೆದು ತಿರುಗಿಸಿ ತಿರುಗಿಸಿ ನೋಡಿದರು. “ನಲವತ್ತು ವರ್ಸದಿಂದ ಬೇವಿನ ಕಡ್ಡಿ ಅಗೀತಾ ಇವ್ನಿ. ಸಿಹಿಯಾಗಿರೋದು ಇವತ್ತೇ ಮೊದ್ಲು.”