ತಂಗಿ ಕೂಡಿಟ್ಟ ತುಂಡುಗಳು

ನಾಳೆ ದೇಶದಲ್ಲಿ ಜೀನ್ಸ್ ಬಟ್ಟೆಗೆ ಕೊರತೆ ಬಂದರೆ ನೀವು ಯಾರೂ ಗಾಬರಿಯಾಗಬೇಡಿ. ರಾಯದುರ್ಗದಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಮನೆಯಲ್ಲಿರುವ ಬಟ್ಟೆಯಲ್ಲಿ ಅರ್ಧ ಜಿಲ್ಲೆಗೆ ಪ್ಯಾಂಟು ಹೊಲಿಸಬಹುದು. ತೊಂದರೆ ಒಂದೇ, ಯಾವ ತುಂಡೂ ಅಂಗೈಗಿಂತ ದೊಡ್ಡದಿಲ್ಲ!

ಆ ಊರಿನಲ್ಲಿ ಮನೆಮನೆಗೂ ಹೊಲಿಗೆ ಮಿಷನ್ನು. ಪ್ಯಾಂಟು ಕತ್ತರಿಸಿ ಉಳಿದ ಚೂರುಗಳನ್ನು ಚೀಲಕ್ಕೆ ತುಂಬಿ ಬಾಗಿಲ ಹೊರಗಿಡುತ್ತಾರೆ, ಗುಜರಿ ಗಾಡಿಯವನು ಒಯ್ಯುತ್ತಾನೆ. ನನ್ನ ತಂಗಿ ಅವನಿಗಿಂತ ಮುಂಚೆ ಹೋಗುತ್ತಾಳೆ. ಮದುವೆಯಾಗಿ ಹೋದಾಗಿನಿಂದ ಅವಳೂ ಹೊಲಿದವಳೇ. ಕಣ್ಣು ಮಂಜಾಗಿ, ‘ಇನ್ನು ಬರಬೇಡಮ್ಮ’ ಎಂದು ಕಾರ್ಖಾನೆಯವರು ಮನೆಗೆ ಕಳಿಸಿದ ಮೇಲೆ ಈ ಚೀಲದ ವ್ಯಾಪಾರ ಶುರುವಾಯಿತು. ವ್ಯಾಪಾರ ಅಂದೆನಲ್ಲ, ತಪ್ಪು. ವ್ಯಾಪಾರದಲ್ಲಿ ಏನಾದರೂ ಹೊರಗೆ ಹೋಗಬೇಕು. ಇಲ್ಲಿ ಬರೀ ಒಳಗೆ ಬರುವುದೇ!

ಮೊದಲು ಅಟ್ಟ ತುಂಬಿತು, ಆಮೇಲೆ ಅಡುಗೆಮನೆ, ಆಮೇಲೆ ಮಂಚ. ಮಂಚ ಹೋದ ಮೇಲೆ ಅವಳು ಚೀಲಗಳ ಸಂದಿಯಲ್ಲಿ ಗೋಡೆಗೊರಗಿ, ಕೂತುಕೊಂಡೇ ನಿದ್ದೆ ಮಾಡತೊಡಗಿದಳು. ಎರಡು ವರ್ಷ! ಕಾಲುಗಳು ಊದಿ ಚಪ್ಪಲಿಯೇ ಹಿಡಿಸದಂತಾದವು. ಊರಿನ ಡಾಕ್ಟರು ಕಾಲು ಒತ್ತಿ ನೋಡಿ, ‘ಈಕೆ ಕಾಲು ಚಾಚಿ ಮಲಗದಿದ್ದರೆ ಇನ್ನು ಸ್ವಲ್ಪ ದಿನಕ್ಕೆ ನಡೆಯೋದೇ ಕಷ್ಟ’ ಎಂದರು. ಹತ್ತಿರದಲ್ಲೇ ಮಗಳ ಮನೆಯಿದೆ, ಅಲ್ಲಿ ಹೋಗಿ ಮಲಗೇ ಎಂದರೆ, “ನಾ ಹೋದ್ರ ಇವನ್ನ ಯಾರು ಕಾಯ್ತಾರ, ಅಕ್ಕ?” ಎಂದಳು. ಯಾವ ಕಳ್ಳ ಬರುತ್ತಾನೆ ಹೇಳಿ! ಬಂದರೂ ಒಳಗೆ ಹೋಗಲು ದಾರಿ ಎಲ್ಲಿದೆ?

ಅವಳ ಮಗಳು ಮಡಕಶಿರಾಕ್ಕೆ ಫೋನು ಮಾಡಿ ನನ್ನನ್ನು ಕರೆಸಿಕೊಂಡಳು. ನಾನು ಹಿಪ್ಪುನೇರಳೆ ತೋಟವನ್ನು ಸೊಸೆಗೆ ಒಪ್ಪಿಸಿ ಬಸ್ಸು ಹತ್ತಿದೆ. ನನಗೆ ಉಪಾಯಗೀಪಾಯ ಬರುವುದಿಲ್ಲ. ಕಸ ಇದ್ದರೆ ಗುಡಿಸಬೇಕು, ಅಷ್ಟೇ. ಚೀಲ ಕಾಯಲು ನನ್ನನ್ನು ಬಿಟ್ಟು ತಂಗಿ ಕಲ್ಯಾಣದುರ್ಗಕ್ಕೆ ಒಂದು ಮದುವೆಗೆ ಹೋದ ದಿನವೇ ಅವಳ ಮಗಳನ್ನೂ, ಪಕ್ಕದ ಮನೆಯ ಕಟಿಂಗ್ ಮಾಸ್ಟರನ್ನೂ, ಬೀದಿಯ ನಾಲ್ಕು ಹೊಲಿಗೆ ಹೆಂಗಸರನ್ನೂ ಸೇರಿಸಿ ಬಾಗಿಲು ತೆಗೆಸಿದೆ. ನನ್ನ ತಪ್ಪು ಅಲ್ಲೇ ಆಯಿತು. ಚೂರು ಬಿಸಾಕಲು ಯಾರಾದರೂ ಟೈಲರುಗಳನ್ನು ಕರೆಯುತ್ತಾರಾ?

ಮೊದಲ ಚೀಲ ಸುರಿದ ಕೂಡಲೇ ಮಾಸ್ಟರು ಒಂದು ತುಂಡನ್ನು ಬೆಳಕಿಗೆ ಹಿಡಿದು, “ಪಾರೇಯೊದ್ದಮ್ಮಾ!” ಎಂದು ತೆಲುಗಿನಲ್ಲಿ ಕೂಗಿದರು. ಬಿಸಾಕಬೇಡಿ ಅಂತ! “ಇದ್ರಾಗ ಒಂದು ವಾಚ್ ಪಾಕೆಟ್ ಬರ್ತೈತ್ರಿ.” ಒಬ್ಬಳು ಬೆಲ್ಟಿನ ಲೂಪು ಬರುತ್ತದೆ ಎಂದಳು. ಇನ್ನೊಬ್ಬಳು ಮಗುವಿನ ಟೋಪಿಗೆ ಬೇಕು ಎಂದಳು. ನಾನು ಬಾಗಿಲಿಗೆ ಒಯ್ದದ್ದನ್ನು ಮಗಳೇ ಹಿಂದಕ್ಕೆ ತಂದಳು. ಸಂಜೆಯ ಹೊತ್ತಿಗೆ ಅಷ್ಟೂ ಜನ ಸೇರಿ ನೀಲಿ, ಕಪ್ಪು, ಬೂದಿ ಎಂದು ಬಣ್ಣ ಬೇರೆ ಮಾಡಿ, ದಪ್ಪದ್ದು ತೆಳ್ಳನೆಯದ್ದು ವಿಂಗಡಿಸಿ, ಗಂಟು ಕಟ್ಟಿ ಸಾಲಾಗಿ ಜೋಡಿಸಿಟ್ಟಿದ್ದರು. ತಂಗಿ ಬಂದು ನೋಡಿ ಕಣ್ಣರಳಿಸಿದಳು. “ಎಷ್ಟು ಚಂದ ಜೋಡ್ಸೀರವ್ವ! ಇನ್ನಾ ಜಾಗ ಉಳಿದೈತಲ್ಲ!” ಮರುದಿನ ಹನ್ನೆರಡು ಚೀಲ ಹೊಸದಾಗಿ ಬಂದವು.

ಆಮೇಲೆ ಯಾರೋ ಯಂತ್ರ ತಾಯಿತ ಕಟ್ಟುವವರನ್ನು ತೋರಿಸಿದರು. ನಿಂಬೆಹಣ್ಣನ್ನು ಕಪ್ಪು ಬಟ್ಟೆಯಲ್ಲಿ ಕಟ್ಟಿ ಬಾಗಿಲಿಗೆ ತೂಗುಹಾಕಿ ಎಂದರು ಅವರು. ತಂಗಿ ಎದ್ದು ಮೂವತ್ತು ತರದ ಕಪ್ಪು ತಂದು ಮುಂದಿಟ್ಟು, “ಯಾವುದು ಬೇಕ್ರಿ ಸ್ವಾಮಿ?” ಎಂದು ಕೇಳಿದಳು. ಅವರು ಅವತ್ತು ಹೋದವರು ತಿರುಗಿ ಬರಲಿಲ್ಲ.

ಮೂರನೆಯದು ಮಗಳ ಉಪಾಯ. ಫೋನಿನಲ್ಲಿ ನೋಡಿದಳಂತೆ. ಬೇಕಾದವರೆಲ್ಲ ಸುತ್ತ ಕೂತು, ಮನಸ್ಸಿನಲ್ಲಿರುವುದನ್ನು ಕಾಗದದಲ್ಲಿ ಬರೆದು ಓದಿ ಹೇಳಬೇಕಂತೆ. ಕೇಳಿದವರು ಅತ್ತು ಬದಲಾಗುತ್ತಾರಂತೆ! ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನೂ ಒಂದು ಇಡೀ ಮಧ್ಯಾಹ್ನ ಬೆವರು ಸುರಿಸಿ ನಾಲ್ಕು ಸಾಲು ಬರೆದೆ. ಕೂರಲು ಜಾಗವೆಲ್ಲಿ? ಎಲ್ಲರೂ ಗಂಟುಗಳ ಮೇಲೇ ಹತ್ತಿ ಕೂತೆವು. ಮಾಸ್ಟರು ಎಲ್ಲರಿಗಿಂತ ಮೇಲೆ. ಅವರ ತಲೆ ಫ್ಯಾನಿಗೆ ತಾಗುತ್ತದೆಂದು ಫ್ಯಾನು ಆರಿಸಿದೆವು. ಮಗಳು ಓದಲು ಶುರುಮಾಡುವಷ್ಟರಲ್ಲಿ ಎಲ್ಲರ ಕಾಗದವೂ ಬೀಸಣಿಗೆಯಾಗಿತ್ತು. ನನ್ನ ಸರದಿ ಬಂದಾಗ ನಾನು, “ಏನೇ, ನಿನ್ ಮನೇಲಿ ಮನುಷ್ಯರಿಗೆ ಜಾಗ ಇಲ್ವಲ್ಲೇ!” ಎಂದು ಓದಿದೆ.

“ಯಾಕಿಲ್ಲ ಅಕ್ಕ? ಏಳು ಮಂದಿ ಕುಂತೀರಲ್ಲ!” ಎಂದಳು. ಚಹಾ ಕೊಟ್ಟು ಕಳಿಸಿದಳು.

ಕೊನೆಗೆ ಬಳ್ಳಾರಿಯಲ್ಲಿ ಮನಸ್ಸಿನ ಡಾಕ್ಟರಿದ್ದಾರೆ ಎಂದು ಗೊತ್ತಾಯಿತು. ಕಾಲಿಗೆ ಅಂತ ಸುಳ್ಳು ಹೇಳಿ ಕರೆದೊಯ್ಯೋಣ ಎಂದಳು ಮಗಳು. ನನಗೆ ಸುಳ್ಳು ಹೇಳಲು ಸೋಮಾರಿತನ. ಹೇಳಿದ್ದನ್ನು ನೆನಪಿಟ್ಟುಕೊಳ್ಳಬೇಕಲ್ಲ! ನೇರ ಹೇಳಿದೆ. “ನಿನ್ ತಲೆ ತೋರ್ಸೋಕೆ ಕರ್ಕೊಂಡೋಗ್ತೀನಿ ಕಣೆ. ಬರ್ತೀಯೋ ಇಲ್ವೋ?”

“ನನಗೇನು ಹುಚ್ಚು ಹಿಡಿದೈತಾ?”

“ನಂಗೊತ್ತಿಲ್ಲ. ಅದಕ್ಕೇ ಓದಿದೋರನ್ನ ಕೇಳಾನ ಅಂತ.”

ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಮೂರನೆಯ ದಿನ ತಾನೇ ತಲೆ ಬಾಚಿಕೊಂಡು ಬಂದು ನಿಂತಳು. “ನಡಿ. ಸುಮ್ನ ಕುಂತ್ರೂ ಕಾಲು ನೋಯ್ತಾವ.”

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನನ್ನ ಮೊಮ್ಮಗಳಷ್ಟಿದ್ದಳು. ತಂಗಿ ಕೂತ ಕೂಡಲೇ, “ನಿಮ್ಮ ಕೋಟಿನ ಅಂಚು ಬಿಚ್ಚೈತ್ರಿ, ದಾರ ಕೊಡ್ರಿ” ಎಂದಳು. ಆ ಹುಡುಗಿ ನಕ್ಕು, ಹೊಲಿಗೆಯ ಮಾತನ್ನೇ ಆಡುತ್ತಾ ಆಡುತ್ತಾ ಕೇಳಿದಳು, “ಒಂದು ತುಂಡು ಬಿಸಾಕಿದರೆ ಏನಾಗುತ್ತಮ್ಮ?”

ತಂಗಿ ಸೆರಗಿನ ತುದಿಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ಎಲ್ಲಾರೂ ಬ್ಯಾಡ ಅಂದು ಹೊರಗಿಟ್ಟಾರ್ರಿ ಅದನ್ನ. ನಾನೂ ಬ್ಯಾಡ ಅಂದ್ರ?”

‘ಬಟ್ಟೆಗೂ ಬೇಜಾರಾಗುತ್ತಾ?’ ಎನ್ನಲು ನಾನು ಬಾಯಿ ತೆರೆದೆ. ಡಾಕ್ಟರಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಮುಚ್ಚಿದೆ.

ಇದೂ ಒಂದು ಕಾಯಿಲೆಯೇ, ಹಟವಲ್ಲ, ಎಂದಳು ಅವಳು. ಹದಿನೈದು ದಿನಕ್ಕೊಮ್ಮೆ ಬಂದು ಮಾತಾಡಬೇಕು. ತಂಗಿಯ ಬೆನ್ನ ಹಿಂದೆ ಯಾರೂ ಚೀಲ ಮುಟ್ಟಕೂಡದು. ಅವಳೇ ಎತ್ತಬೇಕು, ಅವಳೇ ಬಿಡಬೇಕು. ಪಕ್ಕದಲ್ಲಿ ಒಬ್ಬರು ಸುಮ್ಮನೆ ಕೂತಿರಬೇಕು, ಬುದ್ಧಿ ಹೇಳಬಾರದು. “ಬಾಯಿ ಮುಚ್ಚಿಕೊಂಡು ಕೂರೋಕೆ ನಿಮ್ಮ ಕೈಲಿ ಆಗುತ್ತಾ ಅಜ್ಜಿ?” ಎಂದು ನನ್ನನ್ನೇ ಕೇಳಿದಳು. ನಾನು ಉತ್ತರ ಹೇಳುವ ಮೊದಲೇ, ಜೊತೆಗೆ ಬಂದಿದ್ದ ಮಗಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ದೊಡ್ಡಮ್ಮನಿಗೆ ಕೊಡುವ ಮರ್ಯಾದೆ ನೋಡಿ!

ಕೂತೆ. ಊರಿಂದ ತಂದ ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ ಕೂತೆ, ಮಾತು ಹೊರಗೆ ಬಾರದಿರಲಿ ಅಂತ. ಮೊದಲ ದಿನ ಅವಳು ಬಿಟ್ಟದ್ದು ಮೂರು ತುಂಡು. ಅದರಲ್ಲಿ ಒಂದನ್ನು ಗಾಡಿಯ ಹಿಂದೆ ಓಡಿ ವಾಪಸು ತಂದಳು, ಆ ಊದಿದ ಕಾಲಲ್ಲಿ! ನಾನು ಒಂದು ಹಿಡಿ ಕಡಲೆಕಾಯಿ ಜಾಸ್ತಿ ತಿಂದೆ. ವಾರದಲ್ಲಿ ಅರ್ಧ ಚೀಲವಾಯಿತು. ತಿಂಗಳಿಗೆ ಎಂಟು. ಹಾಸಿಗೆಗೆ ತುಂಬುವವರು ಬಂದು ಒಯ್ದರು. ಅವರ ಬಳಿ ಮೂರು ಸಲ ಕೇಳಿದಳು, “ಖರೇನ ತುಂಬ್ತೀರಾ? ಬಿಸಾಕಂಗಿಲ್ಲಲ್ಲ?”

ಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಗೋಡೆಯ ಪಕ್ಕ ನೆಲ ಕಂಡಿತು. ಅವಳು ಗುಡಿಸಿ, ಒರೆಸಿ, ಚಾಪೆ ಹಾಸಿ, “ಸುಮ್ನ ನೋಡ್ತೀನಿ ತಡಿ” ಎಂದು ಮಲಗಿದಳು. ಚಾಪೆಗೆ ಪೂರ್ತಿ ಜಾಗ ಸಾಲದೆ ಅವಳ ಕಾಲುಗಳು ಹೊಸ್ತಿಲ ಬಳಿ ಕೂತಿದ್ದ ನನ್ನ ತೊಡೆಯ ಮೇಲೆ ಬಂದವು. ತೆಗಿಯೇ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಗೊರಕೆ.

ಮಗಳು ಬಂದು, “ದೊಡ್ಡವ್ವ, ಊಟಕ್ಕ ಏಳ್ರಿ” ಎಂದಳು. ಅವ್ವನ ಚಾಚಿದ ಕಾಲು ಕಂಡು ಅಲ್ಲೇ ನಿಂತುಬಿಟ್ಟಳು. ನಾನು ಕೈಸನ್ನೆ ಮಾಡಿ ಅವಳನ್ನು ಕಳಿಸಿದೆ. ತೊಡೆಗೆ ಜೋಮು ಹಿಡಿಯುತ್ತಿತ್ತು. ಹಿಡಿಯಲಿ ಎಂದುಕೊಂಡು ಕೂತೇ ಇದ್ದೆ.